ಹಳೆಯ ಡೆಸ್ಕ್‌ಟಾಪ್‌ನಲ್ಲಿ ವೀಡಿಯೊ ಮೆಮೊರಿ ಹೆಚ್ಚಿಸುವ ಕ್ರಮ

ಕಚೇರಿಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡಿದ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳ ಮೂಲಕ ಮನೆಗಳಿಗೆ, ಶಾಲೆಗಳಿಗೆ, ಡಿಟಿಪಿ ಅಂಗಡಿಗಳಿಗೆ ಬಂದು ಸೇರುತ್ತವೆ. 2011ರಿಂದ 2014ರ ನಡುವಿನ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್, ಲೆನೊವೊ ಥಿಂಕ್‌ಸೆಂಟರ್ ಸರಣಿಯ ಯಂತ್ರಗಳು ಗಟ್ಟಿಮುಟ್ಟಾಗಿದ್ದು ಇಂದಿಗೂ ದಿನಬಳಕೆಗೆ ಸಾಲುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಹೀಗಾಗಿ ಯೂಟ್ಯೂಬ್ ವೀಡಿಯೊ ತಡವರಿಸಿದಾಗ, ವಿನ್ಯಾಸದ ಸಾಫ್ಟ್‌ವೇರ್ ನಿಧಾನವಾದಾಗ ಅಥವಾ ಯಾವುದೋ ಪ್ರೋಗ್ರಾಂ ವೀಡಿಯೊ ಮೆಮೊರಿ (ಪರದೆಯ ಚಿತ್ರಗಳ ದತ್ತಾಂಶವನ್ನು ಇಟ್ಟುಕೊಳ್ಳುವ ಜಾಗ) ಸಾಲದೆಂದು ಎಚ್ಚರಿಸಿದಾಗ ಮಾಲೀಕರು ನೇರವಾಗಿ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ 4 ಜಿಬಿ ಎಂದು ಬರೆದಿರುವ ಅಗ್ಗದ ಕಾರ್ಡೊಂದನ್ನು ತಂದುಬಿಡುತ್ತಾರೆ. ಆ ಹಣ ಬಹಳಷ್ಟು ಸಲ ವ್ಯರ್ಥವಾಗುತ್ತದೆ. ವೀಡಿಯೊ ಮೆಮೊರಿಯ ವಿಷಯದಲ್ಲಿ ಎಷ್ಟು ಜಿಬಿ ಇದೆ ಎನ್ನುವುದಕ್ಕಿಂತ ಅದು ಎಲ್ಲಿದೆ ಮತ್ತು ಎಷ್ಟು ವೇಗವಾಗಿ ಓದಬರೆಯಬಲ್ಲದು ಎನ್ನುವುದೇ ಮುಖ್ಯ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕ್ರಮವನ್ನು ಅನುಸರಿಸಬೇಕೆಂದು ನನ್ನ ಕಳಕಳಿಯ ಸಲಹೆ.

ಉದಾಹರಣೆಗೆ ಒಂದೇ ಯಂತ್ರವನ್ನು ಇಟ್ಟುಕೊಳ್ಳೋಣ: 2012ರ ಡೆಲ್ ಆಪ್ಟಿಪ್ಲೆಕ್ಸ್ 7010, ಅದರೊಳಗೆ ಇಂಟೆಲ್ ಕೋರ್ ಐ5-3470 ಪ್ರೊಸೆಸರ್ ಮತ್ತು 4 ಜಿಬಿಯ ಒಂದೇ ಒಂದು ರ‍್ಯಾಮ್. ಇದೇ ಕಾಲದ ಬೇರೆ ಯಂತ್ರಗಳಿಗೂ ಹೆಚ್ಚುಕಡಿಮೆ ಇದೇ ಮಾತು ಅನ್ವಯಿಸುತ್ತದೆ.

ಮೊದಲು ಇರುವುದನ್ನು ತಿಳಿಯಿರಿ

ಐ5-3470 ಪ್ರೊಸೆಸರ್‌ನ ಒಳಗೇ ಎಚ್‌ಡಿ ಗ್ರಾಫಿಕ್ಸ್ 2500 ಎಂಬ ಚಿತ್ರಭಾಗವಿದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಯಂತ್ರದ ರ‍್ಯಾಮ್‌ನಲ್ಲೇ ಒಂದು ಸಣ್ಣ ಭಾಗವನ್ನು ಯಂತ್ರ ಚಾಲೂ ಆಗುವಾಗಲೇ ಕಾದಿರಿಸಿಕೊಂಡು, ಉಳಿದದ್ದನ್ನು ಅಗತ್ಯಬಿದ್ದಂತೆ ವಿಂಡೋಸ್‌ನಿಂದ ಪಡೆದು ಹಿಂದಿರುಗಿಸುತ್ತಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ನಲ್ಲಾದರೆ ಮೆಮೊರಿ ಚಿಪ್‌ಗಳು ಕಾರ್ಡ್‌ನ ಮೇಲೆಯೇ ಬೆಸುಗೆಗೊಂಡಿರುತ್ತವೆ. ಇಂದಿನ ಯಾವ ಕಾರ್ಡ್‌ನಲ್ಲೂ ಬಳಕೆದಾರರು ಆ ಚಿಪ್‌ಗಳನ್ನಷ್ಟೇ ಹೆಚ್ಚಿಸುವ ಅವಕಾಶವಿಲ್ಲ. ಆದ್ದರಿಂದ ಈ ತಲೆಮಾರಿನ ಯಂತ್ರದಲ್ಲಿ ವೀಡಿಯೊ ಮೆಮೊರಿ ಹೆಚ್ಚಿಸುವುದೆಂದರೆ ಒಂದೋ ರ‍್ಯಾಮ್ ಸೇರಿಸುವುದು, ಇಲ್ಲವೇ ಬೇರೆ ಕಾರ್ಡ್ ಹಾಕುವುದು.

ನಿಮ್ಮ ಯಂತ್ರದ ಸ್ಥಿತಿ ತಿಳಿಯಲು ವಿಂಡೋಸ್ ಕೀ ಮತ್ತು ಆರ್ ಕೀಯನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಚೌಕದಲ್ಲಿ ಡಿ, ಎಕ್ಸ್, ಡಿ, ಐ, ಎ, ಜಿ ಎಂಬ ಆರು ಅಕ್ಷರಗಳನ್ನು ಬಿಡಿಸದೆ ಟೈಪ್ ಮಾಡಿ ಎಂಟರ್ ಒತ್ತಿರಿ. ಡಿಸ್‌ಪ್ಲೇ ಎಂಬ ಟ್ಯಾಬ್‌ನಲ್ಲಿ ಚಿಪ್‌ನ ಹೆಸರು, ಅದಕ್ಕೆ ಮೀಸಲಾದ ಮೆಮೊರಿ, ಹಂಚಿಕೆಯ ಮೆಮೊರಿ ಮೂರೂ ಕಾಣುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲೂ ಇದು ಕಾಣಬೇಕಲ್ಲವೇ ಎಂದು ಕೇಳುವವರಿದ್ದಾರೆ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ಜಿಪಿಯು, ಅಂದರೆ ಚಿತ್ರಭಾಗದ, ವಿವರ ತೋರಿಸಬೇಕಾದರೆ ಸಾಕಷ್ಟು ಹೊಸ ಬಗೆಯ ಡ್ರೈವರ್ (ಆ ಭಾಗವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ) ಬೇಕು, ಎಚ್‌ಡಿ 2500ಕ್ಕೆ ಅಂಥ ಡ್ರೈವರ್ ಬರಲೇ ಇಲ್ಲ. ಆದ್ದರಿಂದ ಅಲ್ಲಿ ಜಿಪಿಯು ಸಾಲು ಕಾಣದಿದ್ದರೆ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಇದರ ಜೊತೆಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರ ಮೆಮೊರಿ ಟ್ಯಾಬ್‌ನಲ್ಲಿ ಚಾನೆಲ್ ಎಂಬಲ್ಲಿ ಸಿಂಗಲ್ (ಹೊಸ ಆವೃತ್ತಿಗಳಲ್ಲಿ 1 x 64-bit) ಎಂದಿದೆಯೋ ಡ್ಯುಯಲ್ (2 x 64-bit) ಎಂದಿದೆಯೋ ನೋಡಿಟ್ಟುಕೊಳ್ಳಿ. ಮುಂದಿನ ನಿರ್ಧಾರ ನಿಂತಿರುವುದು ಈ ಒಂದು ಪದದ ಮೇಲೆ.

ಪರದೆಯ ಮೇಲೆ ಬರಿಯ ಚಿತ್ರ ತೋರಿಸಲು ಹೆಚ್ಚು ಮೆಮೊರಿ ಬೇಡ ಎಂಬುದನ್ನೂ ಇಲ್ಲಿಯೇ ಲೆಕ್ಕ ಹಾಕಿ ನೋಡಬಹುದು. 1920 × 1080 ಚುಕ್ಕೆಗಳ ಪರದೆಯಲ್ಲಿ ಪ್ರತಿ ಚುಕ್ಕೆಗೆ 4 ಬೈಟ್‌ನಂತೆ ಒಟ್ಟು 82,94,400 ಬೈಟ್, ಅಂದರೆ ಸುಮಾರು 8 ಎಂಬಿ ಸಾಕು. ನೂರಾರು ಎಂಬಿ ಹಿಡಿಯುವುದು ಬ್ರೌಸರ್‌ನ ಹತ್ತಾರು ಟ್ಯಾಬ್‌ಗಳು, ಬಿಡಿಸಿಟ್ಟ ವೀಡಿಯೊ ಫ್ರೇಮ್‌ಗಳು, ಮೂರು ಆಯಾಮದ ಚಿತ್ರಗಳ ಹೊದಿಕೆಗಳು. ನುಡಿಯಲ್ಲಿ ಪತ್ರ ಟೈಪ್ ಮಾಡುವ, ಎಕ್ಸೆಲ್‌ನಲ್ಲಿ ಲೆಕ್ಕ ಬರೆಯುವ ಯಂತ್ರ ನಿಧಾನವಾಗಿದ್ದರೆ ಅದರ ಕಾರಣ ವೀಡಿಯೊ ಮೆಮೊರಿಯಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದೇ ಅಲ್ಲಿ ಸರಿಯಾದ ಖರ್ಚು.

ಮೊದಲ ಹೆಜ್ಜೆ: ಜೋಡಿ ರ‍್ಯಾಮ್

ನಮ್ಮ ಉದಾಹರಣೆಯ ಯಂತ್ರದಲ್ಲಿ ಡಿಡಿಆರ್3-1600 ಬಗೆಯ ರ‍್ಯಾಮ್ ಒಂದೇ ಇದ್ದಾಗ ಸೆಕೆಂಡಿಗೆ ಗರಿಷ್ಠ 12.8 ಜಿಬಿ ದತ್ತಾಂಶ ಹರಿಯಬಲ್ಲದು. ಅದೇ ಅಳತೆಯ ಇನ್ನೊಂದನ್ನು ಸರಿಯಾದ ಸ್ಲಾಟ್‌ನಲ್ಲಿ ಕೂರಿಸಿದರೆ ಡ್ಯುಯಲ್ ಚಾನೆಲ್ ಏರ್ಪಟ್ಟು ಆ ಮಿತಿ 25.6 ಜಿಬಿಗೆ ಏರುತ್ತದೆ. ಪ್ರೊಸೆಸರ್ ಮತ್ತು ಅದರೊಳಗಿನ ಗ್ರಾಫಿಕ್ಸ್ ಎರಡೂ ಇದೇ ದಾರಿಯನ್ನು ಹಂಚಿಕೊಳ್ಳುವುದರಿಂದ, ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಕ್ಕೆ ಇದರಷ್ಟು ಕಡಿಮೆ ಖರ್ಚಿನ, ಇಷ್ಟು ಖಚಿತ ಫಲದ ಸುಧಾರಣೆ ಬೇರೊಂದಿಲ್ಲ. 4 ಜಿಬಿಯ ಜೊತೆಗೆ ಇನ್ನೊಂದು 4 ಜಿಬಿ ಸೇರಿದಾಗ, ಗ್ರಾಫಿಕ್ಸ್ ಭಾಗವು ಸುಮಾರು 1.7 ಜಿಬಿವರೆಗೆ ಎರವಲು ಪಡೆದರೂ ವಿಂಡೋಸ್‌ಗೆ ಉಸಿರಾಡಲು ಜಾಗ ಉಳಿಯುತ್ತದೆ.

ರ‍್ಯಾಮ್ ಕೊಳ್ಳುವಾಗ ಹಳೆಯ ರ‍್ಯಾಮ್‌ನ ಮೇಲಿನ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ, ಅದೇ ಗಾತ್ರ ಮತ್ತು ಅದೇ ವೇಗದ್ದನ್ನು ಕೇಳಿ. ಎಎಂಡಿ ಪ್ರೊಸೆಸರ್‌ನ ಮದರ್‌ಬೋರ್ಡ್‌ಗಳಿಗೆ ಮಾತ್ರ ಎಂದು ಮಾರುವ ಅತಿ ಅಗ್ಗದ ಡಿಡಿಆರ್3 ರ‍್ಯಾಮ್‌ಗಳು ಇಂಟೆಲ್ ಯಂತ್ರದಲ್ಲಿ ಕೆಲಸ ಮಾಡುವುದಿಲ್ಲ. ಬೆಲೆ ವಿಪರೀತ ಕಡಿಮೆಯೆನಿಸಿದರೆ ಈ ಪ್ರಶ್ನೆಯನ್ನು ಕೇಳಲೇಬೇಕು. 7010ರ ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್‌ಗಳಿದ್ದು, ಅವುಗಳ ಕೊಂಡಿಗಳ ಬಣ್ಣ ಜೋಡಿಯನ್ನು ಸೂಚಿಸುತ್ತದೆ: ಬಿಳಿ ಕೊಂಡಿಯ ಎರಡು ಸ್ಲಾಟ್‌ಗಳನ್ನು ಮೊದಲು ತುಂಬಬೇಕು. ಕೂರಿಸಿದ ಮೇಲೆ ಸಿಪಿಯು-ಝಡ್‌ನಲ್ಲಿ ಡ್ಯುಯಲ್ ಎಂದು ಕಂಡರೆ ಕೆಲಸ ಸರಿಯಾಗಿದೆ ಎಂದರ್ಥ.

ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಗ್ರಾಫಿಕ್ಸ್‌ಗೆ ಇಷ್ಟು ಎಂಬಿ ಎಂದು ಮೀಸಲಿಡುವ ಆಯ್ಕೆಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಜೋಡಿಸಿದ ಯಂತ್ರಗಳ ಆಸುಸ್ ಅಥವಾ ಗಿಗಾಬೈಟ್ ಬೋರ್ಡ್‌ಗಳಲ್ಲಿ ಡಿವಿಎಂಟಿ ಅಥವಾ ಐಜಿಪಿಯು ಮೆಮೊರಿ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಕಚೇರಿ ಬಳಕೆಯ ಅನೇಕ ಬ್ರಾಂಡೆಡ್ ಯಂತ್ರಗಳಲ್ಲಿ ಸಿಗುವುದೇ ಇಲ್ಲ. ಸಿಗದವರು ಚಿಂತಿಸಬೇಕಾಗಿಲ್ಲ, ಏಕೆಂದರೆ ಆ ಸಂಖ್ಯೆ ಕೇವಲ ಕನಿಷ್ಠ ಮೀಸಲು. ಬೇಕಾದಾಗ ಡ್ರೈವರ್ ಅದಕ್ಕಿಂತ ಹೆಚ್ಚನ್ನು ತಾನೇ ಪಡೆಯುತ್ತದೆ. ಪ್ರಾರಂಭದಲ್ಲೇ ಮೀಸಲು ಮೆಮೊರಿಯನ್ನು ಪರೀಕ್ಷಿಸಿ ತೆರೆಯಲು ನಿರಾಕರಿಸುವ ಕೆಲವು ಪ್ರೋಗ್ರಾಂಗಳಿಗಾಗಿ ಅದನ್ನು 128 ಅಥವಾ 256 ಎಂಬಿಗೆ ಏರಿಸಬಹುದು. ಒಟ್ಟು ರ‍್ಯಾಮ್ 2 ಜಿಬಿ ಇರುವ ಯಂತ್ರದಲ್ಲಿ 512 ಎಂಬಿ ಮೀಸಲಿಟ್ಟರೆ ಮಾತ್ರ ಇಡೀ ಯಂತ್ರವೇ ಕುಂಟತೊಡಗುತ್ತದೆ. ಇನ್ನು, ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿದರೆ ವೀಡಿಯೊ ಮೆಮೊರಿ ಹೆಚ್ಚಾಗುತ್ತದೆಂದು ಕಲಿಸುವ ವೀಡಿಯೊಗಳು ಅನೇಕ ಇವೆ. ಅದರಿಂದ ಬದಲಾಗುವುದು ಪ್ರೋಗ್ರಾಂಗಳಿಗೆ ವರದಿಯಾಗುವ ಸಂಖ್ಯೆಯಷ್ಟೇ. ಒಂದು ಬೈಟ್ ಮೆಮೊರಿಯೂ ಹೊಸದಾಗಿ ಹುಟ್ಟುವುದಿಲ್ಲ.

ಎರಡನೆಯ ಹೆಜ್ಜೆ: ಕಾರ್ಡ್ ಆರಿಸುವುದು

ಜೋಡಿ ರ‍್ಯಾಮ್ ಹಾಕಿದ ಮೇಲೂ ಅಗತ್ಯ ತೀರದಿದ್ದರೆ ಕಾರ್ಡ್ ಕೊಳ್ಳಬೇಕು. ಅಂಗಡಿಗೆ ಹೋಗುವ ಮೊದಲು ಕ್ಯಾಬಿನೆಟ್ ತೆರೆದು, ಯಂತ್ರಕ್ಕೆ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಚೀಟಿ ಓದಿಕೊಳ್ಳಿ. 7010ರ ದೊಡ್ಡ ಟವರ್ ಮಾದರಿಗೆ 275 ವಾಟ್, ಸಣ್ಣ ಎಸ್‌ಎಫ್‌ಎಫ್ ಮಾದರಿಗೆ 240 ವಾಟ್‌ನ ಎಸ್‌ಎಂಪಿಎಸ್ ಇರುತ್ತದೆ. ಪ್ರೊಸೆಸರ್ ಒಂದೇ 77 ವಾಟ್‌ನದು. ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ ಗರಿಷ್ಠ 75 ವಾಟ್ ಪೂರೈಸಬಲ್ಲದು, ಸಣ್ಣ ಕ್ಯಾಬಿನೆಟ್‌ಗಳಲ್ಲಿ ಇದಕ್ಕಿಂತ ಕಡಿಮೆ ಮಿತಿಯನ್ನು ತಯಾರಕರೇ ಕೈಪಿಡಿಯಲ್ಲಿ ಹೇಳಿರಬಹುದು. ಆದ್ದರಿಂದ ಪ್ರತ್ಯೇಕ ವಿದ್ಯುತ್ ಕನೆಕ್ಟರ್ ಇಲ್ಲದ ಕಾರ್ಡನ್ನೇ ಆರಿಸಿ. ಹಾರ್ಡ್ ಡಿಸ್ಕ್‌ಗೆ ವಿದ್ಯುತ್ ಕೊಡುವ ಸಾಟಾ ಕೇಬಲ್‌ನಿಂದ ಕಾರ್ಡ್‌ನ 6 ಪಿನ್ ಕನೆಕ್ಟರ್ ಮಾಡಿಕೊಡುವ ಪರಿವರ್ತಕವನ್ನು ಕೆಲವರು ಸಲಹೆ ಮಾಡುತ್ತಾರೆ, ದಯವಿಟ್ಟು ಬೇಡ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ಮೂರೂ ಸೇರಿ ಹೊರಬಲ್ಲದ್ದು 54 ವಾಟ್, 6 ಪಿನ್‌ನಿಂದ ಕಾರ್ಡ್ ನಿರೀಕ್ಷಿಸುವುದು 75 ವಾಟ್. ಮಿತಿಮೀರಿದ ಹೊರೆಯಿಂದ ಪಿನ್‌ಗಳು ಕಾದು ಕನೆಕ್ಟರ್ ಕರಗಬಹುದು, ಕೆಲವೊಮ್ಮೆ ಬೆಂಕಿಯೂ ಹತ್ತಬಹುದು. ಹೆಚ್ಚು ಶಕ್ತಿಯ ಎಸ್‌ಎಂಪಿಎಸ್ ಹಾಕಿಸೋಣವೆಂದರೆ, 7010ರ ಟವರ್‌ನಲ್ಲಿ ಸಾಮಾನ್ಯ 24 ಪಿನ್ ಕನೆಕ್ಟರ್ ಇದೆ, ಆದರೆ ಅದರ ನಂತರ ಬಂದ 7020 ಮತ್ತು 9020ರಲ್ಲಿ ಡೆಲ್‌ನದೇ ಆದ, ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಹೊಂದದ 8 ಪಿನ್ ಕನೆಕ್ಟರ್ ಇದೆ ಎಂಬುದನ್ನು ಗಮನಿಸಬೇಕು.

ವಿದ್ಯುತ್ತಿನ ನಂತರದ ಪ್ರಶ್ನೆ ಎತ್ತರದ್ದು. ಸಣ್ಣ ಕ್ಯಾಬಿನೆಟ್‌ಗೆ ಲೋ ಪ್ರೊಫೈಲ್ ಎಂಬ ಗಿಡ್ಡ ಕಾರ್ಡ್ ಮತ್ತು ಅದನ್ನು ಕ್ಯಾಬಿನೆಟ್‌ಗೆ ಬಿಗಿಯುವ ಗಿಡ್ಡ ತಗಡು, ಅಂದರೆ ಬ್ರಾಕೆಟ್, ಎರಡೂ ಬೇಕು; ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳಲ್ಲಿ ಈ ಗಿಡ್ಡ ಬ್ರಾಕೆಟ್ ಕಳೆದುಹೋಗಿರುವುದು ಮಾಮೂಲು, ಅದಿಲ್ಲದೆ ಕಾರ್ಡ್ ಕೂರುವುದಿಲ್ಲ. ಫ್ಯಾನ್ ದಪ್ಪಗಿದ್ದು ಎರಡು ಸ್ಲಾಟ್‌ಗಳ ಜಾಗ ಹಿಡಿಯುವ ಕಾರ್ಡ್‌ಗೆ ಪಕ್ಕದಲ್ಲಿ ಎಡೆ ಇದೆಯೇ ಎಂದು ಅಳತೆಪಟ್ಟಿ ಇಟ್ಟೇ ನೋಡಿ. ಮಾನಿಟರ್‌ಗೆ ಯಾವ ಕೇಬಲ್ ಬೇಕೆಂಬುದೂ ಅಷ್ಟೇ ಮುಖ್ಯ. ಹಳೆಯ ಮಾನಿಟರ್‌ನಲ್ಲಿ ನೀಲಿ ವಿಜಿಎ ಕಿಂಡಿ ಮಾತ್ರ ಇದ್ದು, ಎನ್‌ವಿಡಿಯಾ ಕಂಪನಿಯ ಜಿಟಿ 1030ರಂತಹ ಕಾರ್ಡ್‌ನಲ್ಲಿ ಎಚ್‌ಡಿಎಂಐ ಮತ್ತು ಡಿವಿಐ-ಡಿ ಮಾತ್ರ ಇದ್ದರೆ, ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಪರಿವರ್ತಕವನ್ನೇ ಕೊಳ್ಳಬೇಕಾಗುತ್ತದೆ.

ಇನ್ನು ಈ ಬರಹದ ತಿರುಳಿಗೆ ಬರೋಣ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ, ಒಂದೇ 2 ಜಿಬಿ ಗಾತ್ರದಲ್ಲಿ ಎರಡು ಕಾರ್ಡ್‌ಗಳಿವೆ. 2017ರಲ್ಲಿ ಬಂದ ಜಿಡಿಡಿಆರ್5 ಮಾದರಿಯ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಬಲ್ಲದು. 2018ರಲ್ಲಿ ಬಂದ ಡಿಡಿಆರ್4 ಮಾದರಿಯದ್ದು ಸುಮಾರು 17 ಜಿಬಿ ಮಾತ್ರ, ಅಂದರೆ ನಾವು ಈಗಷ್ಟೇ ಜೋಡಿ ರ‍್ಯಾಮ್‌ನಿಂದ ಗಳಿಸಿದ 25.6 ಜಿಬಿಗಿಂತಲೂ ಕಡಿಮೆ. ಡಿಡಿಆರ್3 ಮೆಮೊರಿಯ ಜಿಟಿ 710 ಮತ್ತು ಜಿಟಿ 730ರ 64 ಬಿಟ್ ಮಾದರಿಗಳು 14.4 ಜಿಬಿಗೇ ನಿಲ್ಲುತ್ತವೆ. ಆ 730ರಲ್ಲಿ 4 ಜಿಬಿ ಮೆಮೊರಿ ಇದ್ದರೂ ಫಲವಿಲ್ಲ. ಮನೆಯ ಮೇಲೆ ದೊಡ್ಡ ನೀರಿನ ಟ್ಯಾಂಕ್ ಕಟ್ಟಿಸಿ ಕೆಳಗೆ ಅರ್ಧ ಇಂಚಿನ ಪೈಪ್ ಹಾಕಿದಂತೆ ಅದು. ಆದ್ದರಿಂದ ಪೆಟ್ಟಿಗೆಯ ಮೇಲೆ ಜಿಬಿಯ ಸಂಖ್ಯೆಗಿಂತ ಮೊದಲು ಮೆಮೊರಿಯ ಬಗೆಯನ್ನು ಓದಿ, ಜಿಡಿಡಿಆರ್5 ಅಥವಾ ಜಿಡಿಡಿಆರ್6 ಎಂದಿಲ್ಲದಿದ್ದರೆ ಹಿಂದಿರುಗಿಸಿ.

ವೀಡಿಯೊ ನೋಡುವುದೇ ಮುಖ್ಯ ಉದ್ದೇಶವಾಗಿದ್ದರೆ ಮತ್ತೊಂದು ಸಂಗತಿಯಿದೆ. ಯೂಟ್ಯೂಬ್ ಇಂದು ಹೆಚ್ಚಾಗಿ ವಿಪಿ9 ಮತ್ತು ಎವಿ1 ಎಂಬ ಬಗೆಗಳಲ್ಲಿ ವೀಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಎಚ್‌ಡಿ 2500 ಆಗಲಿ ಜಿಟಿ 710 ಆಗಲಿ ಅವುಗಳನ್ನು ಬಿಡಿಸಲಾರವು, ಹಾಗಾಗಿ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಜಿಟಿ 1030 ವಿಪಿ9ಅನ್ನು ತಾನೇ ಬಿಡಿಸುತ್ತದೆ, ಎವಿ1ಅನ್ನು ಬಿಡಿಸದು. ಕಾರ್ಡ್‌ಗೆ ಹಣ ಹಾಕುವ ಮೊದಲು, ಹಳೆಯ ಎಚ್.264 ಬಗೆಯನ್ನೇ ಕೇಳಿ ಪಡೆಯುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ ನೋಡಿ. ಎಚ್‌ಡಿ 2500 ಆ ಬಗೆಯನ್ನು ಸಲೀಸಾಗಿ ಬಿಡಿಸುವುದರಿಂದ ಕೆಲವರ ಸಮಸ್ಯೆ ಖರ್ಚಿಲ್ಲದೆ ಅಲ್ಲಿಗೇ ಮುಗಿಯುತ್ತದೆ.

ಆಟೋಕ್ಯಾಡ್, ಬ್ಲೆಂಡರ್, ವೀಡಿಯೊ ಎಡಿಟಿಂಗ್ ಮಾಡುವವರಿಗೆ, ದೊಡ್ಡ ಟವರ್ ಇದ್ದರೆ, 4 ಜಿಬಿಯ ಜಿಟಿಎಕ್ಸ್ 1050 ಟಿಐ ಅಥವಾ ಜಿಟಿಎಕ್ಸ್ 1650 ಸೂಕ್ತ. ಎರಡೂ 75 ವಾಟ್‌ನವು, ಜಿಡಿಡಿಆರ್5 ಮಾದರಿಗಳ ಮೆಮೊರಿಯ ವೇಗ ಕ್ರಮವಾಗಿ ಸೆಕೆಂಡಿಗೆ 112 ಮತ್ತು 128 ಜಿಬಿ. 1650ರ ಕೆಲವು ಮಾದರಿಗಳಿಗೆ 6 ಪಿನ್ ಕನೆಕ್ಟರ್ ಇರುತ್ತದೆ, ಅವನ್ನು ಬಿಟ್ಟುಬಿಡಿ. ಎಎಂಡಿಯ ಆರ್‌ಎಕ್ಸ್ 6400 ಹೊಸದಾಗಿ, ಗಿಡ್ಡಗೆ, 53 ವಾಟ್‌ನಲ್ಲಿ ಸಿಗುವುದರಿಂದ ಆಕರ್ಷಕವಾಗಿ ಕಾಣುತ್ತದೆ. ಆದರೆ ಅದು ಬೋರ್ಡ್‌ನೊಂದಿಗೆ ನಾಲ್ಕೇ ಲೇನ್‌ಗಳಲ್ಲಿ, ಅಂದರೆ ದತ್ತಾಂಶ ಹರಿಯುವ ನಾಲ್ಕೇ ದಾರಿಗಳಲ್ಲಿ, ಮಾತಾಡುತ್ತದೆ. ಹೊಸ ಬೋರ್ಡ್‌ನಲ್ಲಿ ಇದು ತೊಡಕಲ್ಲ. 2011ರ ಪಿಸಿಐ ಎಕ್ಸ್‌ಪ್ರೆಸ್ 2.0 ಬೋರ್ಡ್‌ನಲ್ಲಿ ಆ ನಾಲ್ಕು ಲೇನ್‌ಗಳು ಸೆಕೆಂಡಿಗೆ 2 ಜಿಬಿ ಮಾತ್ರ ಸಾಗಿಸುವುದರಿಂದ, ಕಾರ್ಡ್‌ನ 4 ಜಿಬಿ ತುಂಬಿ ರ‍್ಯಾಮ್‌ನ ಆಸರೆ ಬೇಕಾದ ಗಳಿಗೆಯಲ್ಲಿ ಚಿತ್ರ ಮುಗ್ಗರಿಸುತ್ತದೆ.

ಡ್ರೈವರ್‌ನ ಆಯುಷ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಿಟಿ 710ಕ್ಕೆ ಎನ್‌ವಿಡಿಯಾದ 470 ಸರಣಿಯೇ ಕೊನೆಯದು, ಅದರ ಭದ್ರತಾ ಪರಿಷ್ಕರಣೆಗಳೂ 2024ರಲ್ಲಿ ಮುಗಿದವು. ಜಿಟಿ 1030 ಮತ್ತು 1050 ಟಿಐಗಳಿಗೆ 2028ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆ ಕೊಡುವುದಾಗಿ ಕಂಪನಿ ಹೇಳಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟೆಸ್ಟಿಂಗ್ ವಾರಂಟಿ ಎಷ್ಟು ದಿನವೆಂದು ಬಿಲ್‌ನ ಮೇಲೆ ಬರೆಸಿಕೊಳ್ಳಿ. ಜಿಟಿಎಸ್ 450ರಂತಹ ತುಂಬ ಹಳೆಯ ಕಾರ್ಡ್‌ನ ಬಯೋಸ್ ತಿದ್ದಿ, ಅದು ತನ್ನನ್ನು 1050 ಟಿಐ ಎಂದು ಹೇಳಿಕೊಳ್ಳುವಂತೆ ಮಾಡಿ ಮಾರುವ ಮೋಸ ಹಲವು ವರ್ಷಗಳಿಂದ ನಡೆದಿದೆ. ವಿಂಡೋಸ್ ಅದನ್ನು ನಂಬಿಬಿಡುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರ 2.12 ಆವೃತ್ತಿಯಿಂದ ಇಂತಹ ಕಾರ್ಡ್‌ನ ಹೆಸರಿನ ಮುಂದೆ ಫೇಕ್ ಎಂಬ ಪದವನ್ನೇ ತೋರಿಸುತ್ತದೆ. ಅಂಗಡಿಯಲ್ಲೇ ಕಾರ್ಡ್ ಹಾಕಿಸಿ ಅದನ್ನು ಓಡಿಸಿ ತೋರಿಸಿ ಎಂದು ಕೇಳಲು ಸಂಕೋಚಪಡಬಾರದು. ಒಳ್ಳೆಯ ವ್ಯಾಪಾರಿ ಬೇಡವೆನ್ನುವುದಿಲ್ಲ.

ಕೂರಿಸುವುದು

ಯಂತ್ರವನ್ನು ಶಟ್‌ಡೌನ್ ಮಾಡಿ, ಹಿಂದಿನ ವಿದ್ಯುತ್ ಕೇಬಲ್ಲನ್ನೇ ಕಿತ್ತು ತೆಗೆಯಿರಿ. ಗೋಡೆಯ ಸ್ವಿಚ್ ಆರಿಸಿದರಷ್ಟೇ ಸಾಲದು, ಏಕೆಂದರೆ ಯುಪಿಎಸ್ ಇದ್ದಲ್ಲಿ ಅದು ವಿದ್ಯುತ್ ಕೊಡುತ್ತಲೇ ಇರುತ್ತದೆ. ನಂತರ ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹೋಗಲಾಡಿಸಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ನಿಮ್ಮ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ ಮೇಲಷ್ಟೇ ಕಾರ್ಡ್ ಹಿಡಿಯಿರಿ, ಅದೂ ಅಂಚಿನಲ್ಲಿ. ದೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಚಿನ್ನದ ಬಣ್ಣದ ಸಂಪರ್ಕಪಟ್ಟಿಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ, ಆದರೆ ಅದರ ಪುಡಿ ಸ್ಲಾಟ್‌ನೊಳಗೆ ಸೇರಿಕೊಳ್ಳುವುದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯೇ ಲೇಸು. ಪೆಟ್ಟಿಗೆ ತೆರೆದಿರುವಾಗಲೇ ಬೋರ್ಡ್‌ನ ಸಿಆರ್2032 ನಾಣ್ಯ ಬ್ಯಾಟರಿಯನ್ನೂ ಬದಲಿಸಿಬಿಡಿ. ಹತ್ತು ವರ್ಷ ದಾಟಿದ ಯಂತ್ರದಲ್ಲಿ ಅದು ಬಹುಶಃ ಮುಗಿದಿರುತ್ತದೆ. ಬ್ಯಾಟರಿ ತೆಗೆದಾಗ ದಿನಾಂಕ ಮತ್ತು ಬಯೋಸ್‌ನ ಆಯ್ಕೆಗಳು ಅಳಿಸಿಹೋಗಬಹುದಾದ್ದರಿಂದ ಆಮೇಲೆ ಅವನ್ನು ಸರಿಪಡಿಸಿಕೊಳ್ಳಬೇಕು.

7010ರ ಟವರ್‌ನಲ್ಲಿ ಉದ್ದನೆಯ ಸ್ಲಾಟ್‌ಗಳು ಎರಡಿವೆ. ನೋಡಲು ಒಂದೇ ಉದ್ದವಾದರೂ, ಪ್ರೊಸೆಸರ್‌ಗೆ ಹತ್ತಿರವಿರುವುದು ಮಾತ್ರ ಪೂರ್ಣ 16 ಲೇನ್‌ಗಳದ್ದು, ಇನ್ನೊಂದು 4 ಲೇನ್‌ಗಳದ್ದು. ಹಿಂದಿನ ಕೊಂಡಿಯನ್ನು ತೆರೆದು, ಖಾಲಿ ತಗಡನ್ನು ತೆಗೆದು, ಕಾರ್ಡನ್ನು ಹತ್ತಿರದ ಸ್ಲಾಟ್‌ನ ಮೇಲೆ ನೇರವಾಗಿ ಹಿಡಿದು, ಎರಡೂ ತುದಿಗಳನ್ನು ಹೆಬ್ಬೆರಳುಗಳಿಂದ ಸಮನಾಗಿ ಅದುಮಿರಿ. ಚಿನ್ನದ ಪಟ್ಟಿ ಪೂರ್ತಿ ಮರೆಯಾಗಬೇಕು, ಸ್ಲಾಟ್‌ನ ತುದಿಯ ಚಿಲಕ ಟಿಕ್ ಎಂದು ಕಚ್ಚಿಕೊಳ್ಳಬೇಕು. ಬ್ರಾಕೆಟ್ ಕ್ಯಾಬಿನೆಟ್‌ಗೆ ತಾಗಿ ಕಾರ್ಡ್ ಓರೆಯಾಗುತ್ತಿದ್ದರೆ ಬಲ ಹಾಕಬೇಡಿ. ಬ್ರಾಕೆಟ್‌ನ ಕೆಳತುದಿ ಬೋರ್ಡ್ ಮತ್ತು ತಗಡಿನ ನಡುವಿನ ಸಂದಿಗೆ ಇಳಿದಿದೆಯೇ ನೋಡಿ. ಮಾನಿಟರ್ ಕೇಬಲ್ಲನ್ನು ಬೋರ್ಡ್‌ನ ಹಳೆಯ ಕಿಂಡಿಗೆ ಹಾಕದೆ ಹೊಸ ಕಾರ್ಡ್‌ನ ಕಿಂಡಿಗೇ ಹಾಕಬೇಕು. ಹೊಸ ಕಾರ್ಡ್ ಸತ್ತಿದೆಯೆಂದು ಹಿಂದಿರುಗಿ ಬರುವವರಲ್ಲಿ ಹಲವರು ಇದೊಂದನ್ನೇ ಮರೆತಿರುತ್ತಾರೆ.

ಯಂತ್ರ ಚಾಲೂ ಆಗಿ ಬೀಪ್ ಎಂದರೆ ಎಣಿಸಿ. ಈ ಆಪ್ಟಿಪ್ಲೆಕ್ಸ್‌ಗಳಲ್ಲಿ ಎರಡು ಬೀಪ್ ಎಂದರೆ ರ‍್ಯಾಮ್ ಸಿಕ್ಕಿಲ್ಲವೆಂದು, ಆರು ಎಂದರೆ ಗ್ರಾಫಿಕ್ಸ್ ಕಾರ್ಡ್‌ನ ದೋಷವೆಂದು. ಬೀಪ್ ಇಲ್ಲದೆ ಪರದೆ ಕಪ್ಪಾಗಿಯೇ ಇದ್ದರೆ ಕಾರ್ಡ್ ತೆಗೆದು, ಹಳೆಯ ಕಿಂಡಿಯಿಂದಲೇ ಯಂತ್ರ ಚಾಲೂ ಮಾಡಿ, ತಯಾರಕರ ಜಾಲತಾಣದಿಂದ ಕೊನೆಯ ಬಯೋಸ್ ಆವೃತ್ತಿಯನ್ನು ಹಾಕಿ ಮತ್ತೆ ಪ್ರಯತ್ನಿಸಿ. ಬಯೋಸ್ ಬದಲಾಗುತ್ತಿರುವಾಗ ಕರೆಂಟ್ ಹೋಗದಂತೆ ಯುಪಿಎಸ್ ಇರಲೇಬೇಕು. ಚಿತ್ರ ಬಂದ ಮೇಲೆ ಎನ್‌ವಿಡಿಯಾ ಅಥವಾ ಎಎಂಡಿಯ ಸ್ವಂತ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಕೊನೆಗೆ ಮೊದಲಿನ ಆರಕ್ಷರದ ಪರೀಕ್ಷೆಯನ್ನು ಮತ್ತೆ ಓಡಿಸಿ, ಮೀಸಲು ಮೆಮೊರಿಯ ಸಂಖ್ಯೆ ಕಾರ್ಡ್‌ನ ಗಾತ್ರಕ್ಕೆ ಹೊಂದುತ್ತದೆಯೇ ನೋಡಿ, ಜಿಪಿಯು-ಝಡ್‌ನಲ್ಲಿ ಮೆಮೊರಿಯ ಬಗೆ ಮತ್ತು ವೇಗವನ್ನು ತಾಳೆ ಮಾಡಿ.

ಇನ್ನೂ ಹಳೆಯ ಯಂತ್ರಗಳು

ಪೆಂಟಿಯಂ 4 ಕಾಲದ ಯಂತ್ರವನ್ನು ಉಳಿಸಿಕೊಂಡವರ ಬೋರ್ಡ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬದಲು ಎಜಿಪಿ ಎಂಬ ಹಳೆಯ ಬಗೆಯ ಗ್ರಾಫಿಕ್ಸ್ ಸ್ಲಾಟ್ ಇರಬಹುದು. ಅಲ್ಲಿ ವೋಲ್ಟೇಜ್ ನೋಡದೆ ಕಾರ್ಡ್ ಹಾಕಬಾರದು: ಇಂಟೆಲ್ 845 ಚಿಪ್‌ಸೆಟ್‌ನಂತಹ ಬೋರ್ಡ್‌ಗಳು 1.5 ವೋಲ್ಟ್ ಕಾರ್ಡ್‌ಗಳಿಗೆ ಮಾತ್ರ ತಕ್ಕವು, 3.3 ವೋಲ್ಟ್‌ನ ಹಳೆಯ ಕಾರ್ಡ್ ಬೋರ್ಡನ್ನೇ ಸುಡಬಲ್ಲದು. ಸಂಪರ್ಕಪಟ್ಟಿಯ ಕಚ್ಚುಗಳು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ.

1990ರ ದಶಕದ ಯಂತ್ರಗಳಲ್ಲಿ ಮಾತ್ರ ವೀಡಿಯೊ ಮೆಮೊರಿಯನ್ನು ಅಕ್ಷರಶಃ ಹೆಚ್ಚಿಸಬಹುದಿತ್ತು. ಎಸ್3 ಟ್ರಯೊ64, ಸಿರಸ್ ಲಾಜಿಕ್ ಚಿಪ್‌ಗಳ ಅನೇಕ ಕಾರ್ಡ್‌ಗಳು 1 ಎಂಬಿಯೊಂದಿಗೆ ಬರುತ್ತಿದ್ದವು, ಪಕ್ಕದಲ್ಲಿ ಎರಡು ಖಾಲಿ ಸಾಕೆಟ್‌ಗಳಿರುತ್ತಿದ್ದವು. ಅವುಗಳಲ್ಲಿ ತಲಾ 512 ಕೆಬಿಯ ಎರಡು ಚಿಪ್ ಕೂರಿಸಿದರೆ 2 ಎಂಬಿ ಆಗುತ್ತದೆ. ಇದರ ಪ್ರಯೋಜನ ಲೆಕ್ಕದಲ್ಲೇ ಕಾಣುತ್ತದೆ: 1024 × 768 ಪರದೆಗೆ 256 ಬಣ್ಣದಲ್ಲಿ 7,86,432 ಬೈಟ್ ಸಾಕು, 65,536 ಬಣ್ಣಗಳಿಗೆ ಅದರ ಎರಡರಷ್ಟು, ಅಂದರೆ 15,72,864 ಬೈಟ್ ಬೇಕು, ಅದು 1 ಎಂಬಿಯಲ್ಲಿ ಹಿಡಿಸದು. ಚಿಪ್ ಕೊಳ್ಳುವಾಗ ಹಳೆಯ ಚಿಪ್‌ನ ಮೇಲಿನ ಸಂಖ್ಯೆಯ ಕೊನೆಯಲ್ಲಿ 60 ಅಥವಾ 70 ಎಂದು ಬರೆದಿರುವ ವೇಗವನ್ನು ಹೊಂದಿಸಿಕೊಳ್ಳಿ, ಚಿಪ್‌ನ ಮೂಲೆಯ ಚುಕ್ಕೆ ಸಾಕೆಟ್‌ನ ಗುರುತಿಗೆ ಸರಿಯಾಗಿ ಬರುವಂತೆ ಇಟ್ಟು, ಬೋರ್ಡ್ ಬಾಗದ ಹಾಗೆ ಅಡಿಯಲ್ಲಿ ಬೆರಳಿನ ಆಸರೆ ಕೊಟ್ಟು ಒತ್ತಿ. ಯಂತ್ರ ಚಾಲೂ ಆದ ಮೊದಲ ಕ್ಷಣಗಳಲ್ಲಿ ಪರದೆಯ ಮೇಲ್ತುದಿಯಲ್ಲಿ ಕಾರ್ಡ್‌ನ ಹೆಸರಿನೊಂದಿಗೆ ಮೆಮೊರಿಯ ಗಾತ್ರವೂ ಮಿಂಚಿಹೋಗುತ್ತದೆ. ಅಲ್ಲಿ ಇನ್ನೂ 1 ಎಂಬಿ ಎಂದೇ ಇದ್ದರೆ ಚಿಪ್ ಪೂರ್ತಿ ಇಳಿದಿಲ್ಲ ಅಥವಾ ಕಾರ್ಡ್‌ನ ಜಂಪರ್ (ಎರಡು ಪಿನ್‌ಗಳನ್ನು ಜೋಡಿಸುವ ಪುಟ್ಟ ತುಂಡು) ಬದಲಾಗಬೇಕಿದೆ. ಚಿಪ್ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಅದು ತಿರುಗುಮುರುಗಾಗಿ ಕೂತಿದೆ, ತಕ್ಷಣ ಕೇಬಲ್ ಕಿತ್ತುಬಿಡಬೇಕು. ಗಾತ್ರ 2 ಎಂಬಿ ಎಂದು ಬಂದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು 1024 × 768ರಲ್ಲಿಯೇ 16 ಬಿಟ್ ಬಣ್ಣವನ್ನು ಆರಿಸಿಕೊಳ್ಳಬಹುದು.